ಮೂರು ವರ್ಷದ ಮಗುವಿಗೆ ಎಂಆರ್‌ಐ ಮಾಡಿಸಿದವರು ಅನುಭವ ಹೇಳಿ

ಪುಟ್ಟಿ ಅಮ್ಮ: ಮಗಳಿಗೆ ಜ್ವರ ಇಲ್ಲದೆಯೇ ಎರಡು ಸಲ ಫಿಟ್ಸ್ ಬಂತು. ತಲೆಯ ಎಂಆರ್‌ಐ ಬರೆದಿದ್ದಾರೆ, ಅನಸ್ತೇಷಿಯಾ ಕೊಟ್ಟು ಮಾಡಬೇಕಂತೆ. ಅತ್ತೆ ಬೇಡ ಅನ್ನುತ್ತಿದ್ದಾರೆ. ಸೇಫ್ ಅಲ್ವಾ?

ಹಾಸನದ ಅಪ್ಪ: ನಮ್ಮ ಕಥೆ ಕೇಳಿ. ಮಗನಿಗೆ ಆಗ ಎರಡೂವರೆ. ಸ್ಕ್ಯಾನಿಗೆ 7,500, ಅನಸ್ತೇಷಿಯಾಕ್ಕೆ 4,000, ರಕ್ತ ಪರೀಕ್ಷೆಗೆ 650, ಬೆಂಗಳೂರಿಗೆ ಕಾರು ಬಾಡಿಗೆ 5,500. ರಾತ್ರಿಯಿಂದ ಹೊಟ್ಟೆ ಖಾಲಿ ಇಟ್ಟಿದ್ದೆವು. ನಮ್ಮಮ್ಮ ಅವನ ಅಳು ನೋಡಲಾರದೆ ಸೆರಗಿನ ಮರೆಯಲ್ಲಿ ಅರ್ಧ ಬಿಸ್ಕತ್ತು ತಿನ್ನಿಸಿಬಿಟ್ಟರು. ತುಟಿ ಮೇಲಿನ ಪುಡಿ ನೋಡಿ ಡಾಕ್ಟರ್ ಆವತ್ತೇ ವಾಪಸ್ ಕಳಿಸಿದರು. ಮತ್ತಿನಲ್ಲಿ ವಾಂತಿಯಾಗಿ ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಕುತ್ತು. ಎರಡನೇ ಸಲ ನೆಗಡಿ, ಮತ್ತೆ ಮುಂದಕ್ಕೆ. ಕಾರು ಬಾಡಿಗೆಯನ್ನೇ ಮೂರು ಸಲ ಕೊಟ್ಟೆ.

ಮೈಸೂರು ಮೈತ್ರಿ: ನಾನು ಅನಸ್ತೇಷಿಯಾ ಬೇಡವೇ ಬೇಡ ಅಂದೆ. ನಿದ್ದೆ ಸಿರಪ್ ಕುಡಿಸಿದರು. ಮಲಗಿದ. ಮಿಷನ್ ಡಬಡಬ ಅಂದಿದ್ದೇ ತಡ, ಇಯರ್ ಮಫ್ ಕಿತ್ತೆಸೆದು ಎದ್ದು ಕೂತ. ಫಿಲ್ಮ್ ಪೂರ್ತಿ ಮಸುಕು, 6,800 ನೀರುಪಾಲು. ಆದರೂ ನನ್ನ ನಿರ್ಧಾರ ಸರಿ. ಅನಸ್ತೇಷಿಯಾದಿಂದ ಮೂರು ವರ್ಷದೊಳಗಿನ ಮಕ್ಕಳ ಮೆದುಳಿಗೆ ತೊಂದರೆಯಾಗಬಹುದು ಅಂತ 2016ರಲ್ಲೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಸಿದೆ.

ನೈಟ್ ಡ್ಯೂಟಿ: ಮೇಡಂ, ಅರ್ಧ ಓದಿ ಹೆದರಿಸಬೇಡಿ. ಮೂರು ಗಂಟೆಗಿಂತ ಜಾಸ್ತಿ ಹೊತ್ತು ಅಥವಾ ಪದೇ ಪದೇ ಕೊಟ್ಟರೆ ಅಂತ ಅದರಲ್ಲೇ ಇದೆ. ಹರ್ನಿಯಾ ಆಪರೇಷನ್‌ಗೆ ಒಂದು ಗಂಟೆಗಿಂತ ಕಡಿಮೆ ಹೊತ್ತು ಅನಸ್ತೇಷಿಯಾ ಪಡೆದ ಹಸುಗೂಸುಗಳನ್ನು ಐದು ವರ್ಷಕ್ಕೆ ಪರೀಕ್ಷಿಸಿದರು. ಬುದ್ಧಿಮಟ್ಟದಲ್ಲಿ ವ್ಯತ್ಯಾಸ ಸಿಗಲಿಲ್ಲ. 2019ರಲ್ಲಿ ಬಂದ ವರದಿ. ನನ್ನ ಮಗಳಿಗೆ ಎಂಟು ತಿಂಗಳಿಗೇ ಕೊಟ್ಟಿದ್ದರು. ಈಗ ಹದಿನಾರರ ಮಗ್ಗಿ ಹೇಳುತ್ತಾಳೆ.

ಮೈಸೂರು ಮೈತ್ರಿ: ಮಗ್ಗಿ ಕೇಳಿದವರು ಯಾರು?

ತುಮಕೂರು ಗಿರಿ: ಆ ರೇಡಿಯೇಷನ್ ಬಗ್ಗೆ ಯಾರೂ ಮಾತಾಡುತ್ತಿಲ್ಲವಲ್ಲ?

ನೈಟ್ ಡ್ಯೂಟಿ: ಅದು ಸಿಟಿ ಸ್ಕ್ಯಾನ್ ಸ್ವಾಮಿ. ಎಂಆರ್‌ಐನಲ್ಲಿ ಎಕ್ಸ್‌ರೇ ಇಲ್ಲ, ಆಯಸ್ಕಾಂತ ಮತ್ತು ರೇಡಿಯೋ ಅಲೆ ಅಷ್ಟೇ.

ತುಮಕೂರು ಗಿರಿ: ಹಾಗಾದರೆ ಚಿತ್ರ ಸ್ಪಷ್ಟವಾಗಲಿ ಅಂತ ಕೊಡುವ ಕಾಂಟ್ರಾಸ್ಟ್ ಇಂಜೆಕ್ಷನ್? ಅದರಲ್ಲಿರುವ ಗ್ಯಾಡೊಲಿನಿಯಂ ಲೋಹ ಮೆದುಳಲ್ಲಿ ಉಳಿಯುತ್ತದೆ ಅಂತ ಯುರೋಪಲ್ಲಿ 2017ರಲ್ಲಿ ಕೆಲವು ಬಗೆ ನಿಲ್ಲಿಸಿದರು. ನನ್ನ ಮಗಳಿಗೆ ಕೇಳದೇನೇ ಹಾಕಿದರು, ಬಿಲ್ಲಲ್ಲಿ 2,200 ನೋಡಿದಾಗಲೇ ಗೊತ್ತಾಗಿದ್ದು. ಮೇಲೆ ಅಜ್ಜಿ ಕಟ್ಟಿದ್ದ ಬೆಳ್ಳಿ ಉಡಿದಾರ ಕತ್ತರಿಸಿದರು. ಬೆಳ್ಳಿ ಆಯಸ್ಕಾಂತಕ್ಕೆ ಅಂಟುತ್ತದಾ?

ನೈಟ್ ಡ್ಯೂಟಿ: ಅಂಟಲ್ಲ, ಆದರೆ ಬಿಸಿಯಾಗಬಹುದು. ಮೈ ಸುಟ್ಟರೆ? ಉಡಿದಾರ ಇನ್ನೊಂದು ಕಟ್ಟಬಹುದು.

ತುಮಕೂರು ಗಿರಿ: ನಿಮಗೆ ಹೇಳೋದು ಸುಲಭ. ಅಜ್ಜಿ ಈಗ ಇಲ್ಲ.

ಹಾಸನದ ಅಪ್ಪ: ಸುಮ್ನೆ ಜಗಳ ಯಾಕೆ? 2018ರಲ್ಲಿ ಮುಂಬೈಯಲ್ಲಿ ಆಕ್ಸಿಜನ್ ಸಿಲಿಂಡರ್ ಹಿಡಿದು ಒಳಗೆ ಹೋದವರನ್ನು ಮಿಷನ್ ಎಳೆದುಕೊಂಡು ಜೀವ ಹೋಯಿತು. ಸ್ಕ್ಯಾನ್ ನಡೆಯದಿದ್ದರೂ ಆಯಸ್ಕಾಂತ ಆಫ್ ಆಗಿರುವುದಿಲ್ಲ. ಅದಕ್ಕೇ ಹೇರ್ ಪಿನ್ನೂ ಬಿಡುವುದಿಲ್ಲ.

ಮೈಸೂರು ಮೈತ್ರಿ: ಈಗ ಹೆದರಿಸುತ್ತಿರುವುದು ಯಾರು?

ಪುಟ್ಟಿ ಅಮ್ಮ: ಎಷ್ಟು ಹೊತ್ತಿಗೆ ಎಚ್ಚರ ಆಗುತ್ತೆ ಅಂತ ಯಾರಾದರೂ ಹೇಳುತ್ತೀರಾ?

ಹಾಸನದ ಅಪ್ಪ: ನಮ್ಮವನು ಮುಕ್ಕಾಲು ಗಂಟೆಗೆ ಎದ್ದ, ತೂರಾಡುತ್ತಿದ್ದ. ನೀರು ಕುಡಿದು ಅರಗಿಸಿಕೊಂಡ ಮೇಲೆ ಕಳಿಸಿದರು. ಕಾರಲ್ಲಿ ಮತ್ತೆ ನಿದ್ದೆ. ಯಡಿಯೂರು ದಾಟಿದ ಮೇಲೆ ಕಣ್ಣು ಬಿಟ್ಟು ಅಜ್ಜಿ ಹತ್ತಿರ ಉಳಿದರ್ಧ ಬಿಸ್ಕತ್ತು ಕೇಳಿದ.