ರೆಡಿಮೇಡ್ ಕ್ಯಾಂಪರ್ ವ್ಯಾನು: ಸೋಫಾದ ಬೆಲ್ಟನ್ನು ಎಲ್ಲಿಗೆ ಕಟ್ಟಿದ್ದಾರೆ?

ಕಂಗಿನತೋಟ (ಪೆರ್ಲ):
ನಮಸ್ಕಾರ. ದುಬೈಯಿಂದ ಬಂದ ಭಾವ ಈ ಸರ್ತಿ ಕ್ಯಾಂಪರ್ ವ್ಯಾನ್ ತೆಗೆಯದೆ ವಾಪಸು ಹೋಗುವುದಿಲ್ಲ ಅಂತ ಕೂತಿದ್ದಾನೆ. ಅರ್ಧ ದುಡ್ಡು ನನ್ನದು, ಹಾಗಾಗಿ ಅರ್ಧ ತಲೆಬಿಸಿಯೂ ನನ್ನದೇ. ಅದರಲ್ಲಿ ತಿರುಗುವವರು ನಾವು: ನಾನು, ಹೆಂಡತಿ, ಆರು ವರ್ಷದ ಮಗಳು, ಎರಡು ವರ್ಷದ ಮಗ (11 ಕಿಲೋ), 71ರ ಅಮ್ಮ.

ಮೊನ್ನೆ ಒಂದು ಗಾಡಿ ನೋಡಿದೆವು. ಚೆಂದ ಉಂಟು, ಸುಳ್ಳು ಹೇಳುವುದಿಲ್ಲ. ಸಿಂಕು, ಫ್ರಿಜ್ಜು, ತಲೆಯ ಮೇಲೆ ಕಪಾಟು, ಎಳೆದರೆ ಮಂಚ ಆಗುವ ಸೋಫಾ. "ಐದು ಜನ ಆರಾಮ ಮಲಗಬಹುದು ಸರ್" ಅಂದ ಮಾರುವವ. ಓಡುವಾಗ ಎಷ್ಟು ಜನ ಕೂರಬಹುದು ಅಂತ ಕೇಳಿದರೆ, "ಸೋಫಾ ಉಂಟಲ್ಲ!" ಆ ಸೋಫಾವೋ, ಗಾಡಿಯ ಗೋಡೆಗೆ ಬೆನ್ನು ಕೊಟ್ಟು ಅಡ್ಡ ಕೂರುವಂಥದ್ದು. ಸೊಂಟಕ್ಕೆ ಮಾತ್ರ ಬೆಲ್ಟು. ಹೆಂಡತಿ ಅವನನ್ನು ಮಾತಿಗೆ ಎಳೆದಾಗ ನಾನು ಮೆತ್ತೆ ಎತ್ತಿ ಮೊಬೈಲ್ ಟಾರ್ಚ್ ಹಾಕಿದೆ. ಬೆಲ್ಟಿನ ಬುಡ ಪ್ಲೈವುಡ್ ಪೆಟ್ಟಿಗೆಗೆ ಬೋಲ್ಟ್ ಮಾಡಿದ್ದು, ಹಿಂದೆ ಒಂದು ರೂಪಾಯಿ ನಾಣ್ಯದಷ್ಟು ವಾಷರ್. ಪೆಟ್ಟಿಗೆ ನಿಂತದ್ದು ನಾಲ್ಕು ಎಲ್-ಪಟ್ಟಿಯ ಮೇಲೆ, ಮರದ ಸ್ಕ್ರೂ ಹಾಕಿ. ನಮ್ಮ ಕೋಳಿಗೂಡು ಇದಕ್ಕಿಂತ ಗಟ್ಟಿ.

"ಫ್ಯಾಕ್ಟರಿ ಫಿಟ್ಟಿಂಗ್ ಸರ್, ಕೆಳಗಿನ ಗಾಡಿ ದೊಡ್ಡ ಕಂಪೆನಿಯದ್ದು" ಅಂದ. ಭಾವನಿಗೆ ಅಷ್ಟು ಸಾಕಾಯಿತು. ಫ್ಯಾಕ್ಟರಿಯದ್ದು ಅಂದರೆ ಡಿಕ್ಕಿ ಪರೀಕ್ಷೆ ಆದದ್ದು ಅಂತ ಅರ್ಥವೋ? ತಲಪಾಡಿಯಿಂದ ಚೆಂಗಳದವರೆಗೆ ಹೆದ್ದಾರಿ ಈಗ ಆರು ಲೇನು, ಎಲ್ಲರದ್ದೂ ಹಾರಾಟವೇ.

ಬಾಡಿಕೆಲಸ (ಉಪ್ಪಳ):
ಮೆತ್ತೆ ಎತ್ತಿದ್ದು ಒಳ್ಳೆಯದಾಯಿತು ಮಾರಾಯ್ರೆ. ಹೆಚ್ಚಿನವರು ಪರದೆಯ ಬಣ್ಣ ನೋಡಿ ಅಡ್ವಾನ್ಸ್ ಕೊಟ್ಟು ಬರ್ತಾರೆ.

ನಾನು 22 ವರ್ಷ ಮಂಗಳೂರಲ್ಲಿ ಬಸ್ಸಿನ ಬಾಡಿ ಕಟ್ಟಿದವ. ಗಾಡಿ ಮಾಡಿದ ಕಂಪೆನಿಯೇ ಸೀಟು, ಬೆಲ್ಟು, ಮಾಡು (ಛಾವಣಿ) ಎಲ್ಲ ಕೂರಿಸಿ ಕೊಟ್ಟರೂ ಅದು ಫ್ಯಾಕ್ಟರಿ. ಖಾಲಿ ವ್ಯಾನ್ ತಂದು ಇನ್ನೊಬ್ಬ ತನ್ನ ಶೆಡ್ಡಿನಲ್ಲಿ ಅಡುಗೆಮನೆ ಕೂರಿಸಿದರೂ ಬೋರ್ಡಿನಲ್ಲಿ ಅದು ಫ್ಯಾಕ್ಟರಿಯೇ. ನೀವು ನೋಡಿದ್ದು ಎರಡನೆಯದ್ದು. ಅವರಲ್ಲೂ ಒಳ್ಳೆ ಕೆಲಸದವರಿದ್ದಾರೆ, ಅಂಥವರು ಬೆಲ್ಟಿನ ಬೋಲ್ಟನ್ನು ಉಕ್ಕಿನ ಫ್ರೇಮಿಗೆ ತಂದು, ಆ ಫ್ರೇಮನ್ನು ಚಾಸಿಗೆ, ಅಂದರೆ ಗಾಡಿಯ ಅಡಿಯ ಉಕ್ಕಿನ ಚೌಕಟ್ಟಿಗೆ, ಕಟ್ಟುತ್ತಾರೆ. ಪ್ಲೈವುಡ್ಡು ಬರೇ ಮುಚ್ಚಲಿಕ್ಕೆ.

ಗಂಟೆಗೆ 50 ಕಿ.ಮೀ. ವೇಗದಲ್ಲಿ ಹೋಗಿ ಗುದ್ದಿದರೆ ಹತ್ತು ಮೀಟರ್ ಎತ್ತರದ ಕಂಗಿನ ತಲೆಯಿಂದ ನೆಲಕ್ಕೆ ಬಿದ್ದ ಹಾಗೆ. 80ರಲ್ಲಾದರೆ 25 ಮೀಟರ್, ತೆಂಗಿನ ಮರವೂ ಸಾಲದು. 50ರ ವೇಗ ಸೆಕೆಂಡಿನ ಹತ್ತನೇ ಒಂದು ಪಾಲಿನಲ್ಲಿ ನಿಂತರೆ ನಿಮ್ಮ 11 ಕಿಲೋ ಮಗ ಒಂದೂವರೆ ಕ್ವಿಂಟಾಲಿನಷ್ಟು ಜಗ್ಗುತ್ತಾನೆ. ಎರಡು ಗೋಣಿ ಅಡಿಕೆ! ಅಮ್ಮನ ಮಡಿಲಲ್ಲಿ ನಿಲ್ಲುವುದುಂಟೋ? ಕಪಾಟಿನಲ್ಲಿಟ್ಟ ಐದು ಕಿಲೋದ ಎಣ್ಣೆ ಡಬ್ಬಿಯದ್ದೂ ಅದೇ ಲೆಕ್ಕ, 70 ಕಿಲೋ. ಕಪಾಟಿನ ಬಾಗಿಲಿಗೆ ಆಯಸ್ಕಾಂತದ ಚಿಲಕ ಇದ್ದರೆ ನಮಸ್ಕಾರ ಹಾಕಿ ಬನ್ನಿ.

ಮಾಡು ಎತ್ತುವ ಮಾದರಿಯಾದರೆ ಕತ್ತರಿಸಿದ ಜಾಗದ ಸುತ್ತ ಉಕ್ಕಿನ ಚೌಕಟ್ಟು ಕೊಟ್ಟಿದ್ದಾರೋ ಕೈ ಹಾಕಿ ನೋಡಿ. ಬರೇ ಫೈಬರ್ ಆದರೆ ಮಗುಚಿದಾಗ ಕಷ್ಟ. ತೂಕವನ್ನೂ ಬಿಡಬೇಡಿ: 100 ಲೀಟರ್ ನೀರು ಅಂದರೆ 100 ಕಿಲೋ, ಮನೆಯ ಇನ್ವರ್ಟರಿನಂಥ ದೊಡ್ಡ ಬ್ಯಾಟರಿ ಅರ್ಧ ಕ್ವಿಂಟಾಲು. ಅದರ ಮೇಲೆ ನೀವು ಐದು ಜನ. ಆರ್‌ಸಿಯಲ್ಲಿ ಬರೆದ ತೂಕದೊಳಗೆ ಬರುತ್ತದೋ ಕೂಡಿಸಿ.

ಬದಿಯಡ್ಕದವಳು (ಸ್ಟುಟ್‌ಗಾರ್ಟ್):
ಅಣ್ಣ, ಅಡ್ಡ ಸೋಫಾದ ಮೇಲೆ ಮಕ್ಕಳ ಸೀಟು ಕಟ್ಟಲಿಕ್ಕೇ ಇಲ್ಲ. ಓಡುವಾಗ ಅಡ್ಡ ಕೂರುವ ಸೀಟನ್ನು ಯುರೋಪಿನಲ್ಲಿ ಹೊಸ ಗಾಡಿಗಳಿಗೆ 2007ರಿಂದಲೇ ಬಿಟ್ಟಿಲ್ಲ. ನಿಂತಾಗ ಮಾತ್ರ ಕೂರುವ ಸೀಟಾದರೆ ಹಾಗೆಂದು ಗುರುತು ಹಾಕಬೇಕು.

ಡಿಕ್ಕಿ ಪರೀಕ್ಷೆಯ ಸ್ಟಾರಿನ ವಿಷಯ. ಮರ್ಸಿಡಿಸ್ ವಿ-ಕ್ಲಾಸಿಗೆ 2014ರಲ್ಲಿ, ಹೊಸ ಗಾಡಿಗಳನ್ನು ಗುದ್ದಿಸಿ ನೋಡಿ ಸ್ಟಾರ್ ಕೊಡುವ ಯುರೋ ಎನ್‌ಕ್ಯಾಪ್ 5 ಸ್ಟಾರ್ ಕೊಟ್ಟಿತು. ಮಾರ್ಕೊ ಪೋಲೊ ಅನ್ನುವ ಕ್ಯಾಂಪರ್ ಆಗುವುದು ಆ ಬಾಡಿಯಲ್ಲೇ. ಆದರೆ ಗೋಡೆಗೆ ಗುದ್ದಿಸಿದ್ದು ಒಲೆ, ಕಪಾಟು ತುಂಬಿದ ಗಾಡಿಯನ್ನಲ್ಲ. ಊರಿನಲ್ಲಿ 2023ರ ಅಕ್ಟೋಬರಿನಿಂದ ಭಾರತ್ ಎನ್‌ಕ್ಯಾಪ್ ಬಂತಲ್ಲ, ಅದು 3.5 ಟನ್ನಿನೊಳಗಿನ, ಚಾಲಕನ ಹೊರತು 8 ಸೀಟು ಮೀರದ ಕಾರುಗಳಿಗೆ, ಅದೂ ಕಂಪೆನಿ ತಾನಾಗಿ ಕೊಟ್ಟರೆ. ನಿಮ್ಮ ಮಾರುವವನ ಹತ್ತಿರ ಕೇಳಬೇಕಾದದ್ದು ಬೇರೆ ಕಾಗದ: ಮೋಟಾರ್ ಕ್ಯಾರವಾನಿಗೆ, ಅಂದರೆ ಇಂಥ ಕ್ಯಾಂಪರ್ ಗಾಡಿಗೆಂದೇ ಇರುವ ಎಐಎಸ್-124 ಅನ್ನುವ ಮಾನದಂಡದ ಪ್ರಮಾಣಪತ್ರ. ಆರ್‌ಸಿಯಲ್ಲಿ ಎಷ್ಟು ಸೀಟು ಅಂತಲೂ ನೋಡಿ.

ಚಿಕ್ಕವನ ಸೀಟು ಹಿಂದುಮುಖವಾಗಿ ಇದ್ದಷ್ಟು ದಿನ ಒಳ್ಳೆಯದು, ಆದರೆ ಏರ್‌ಬ್ಯಾಗ್ ಆನ್ ಇರುವ ಮುಂದಿನ ಸೀಟಿನಲ್ಲಿ ಖಂಡಿತ ಬೇಡ.

ಚೆರ್ಕಳ ಬಸ್‌ಸ್ಟ್ಯಾಂಡ್:
14ರ ಒಳಗಿನ ಮಕ್ಕಳಿಗೆ ಬೆಲ್ಟೋ ಮಕ್ಕಳ ಸೀಟೋ ಇಲ್ಲದಿದ್ದರೆ ಮೋಟಾರು ವಾಹನ ಕಾಯ್ದೆಯ 194ಬಿ ಪ್ರಕಾರ 1000 ರೂಪಾಯಿ ದಂಡ. ಇನ್ನೊಂದು, ಡಿಕ್ಕಿಯದ್ದಲ್ಲ: 2024ರ ಡಿಸೆಂಬರಿನಲ್ಲಿ ವಡಕರದಲ್ಲಿ ನಿಲ್ಲಿಸಿದ ಕ್ಯಾರವಾನಿನೊಳಗೆ ಇಬ್ಬರು ತೀರಿಹೋದದ್ದು ಜನರೇಟರಿನ ಹೊಗೆಯಿಂದ. ಕಾರ್ಬನ್ ಮೋನಾಕ್ಸೈಡ್ ಅಲಾರಂ ಇಡದೆ ಎಸಿ ಹಾಕಿ ಮಲಗಬೇಡಿ.

ಕಂಗಿನತೋಟ (ಪೆರ್ಲ):
ಇವತ್ತು ಫೋನ್ ಮಾಡಿದೆ. ಎಐಎಸ್-124 ಅಂದದ್ದಕ್ಕೆ "ಅದು ಬಸ್ಸಿಗೆ ಸರ್" ಅಂದ. ಆರ್‌ಸಿ ಪ್ರತಿ ವಾಟ್ಸಾಪಿಗೆ ಬಂತು: ಸೀಟು, ಚಾಲಕ ಸೇರಿ ಮೂರು. ಭಾವ ಕನ್ನಡಕ ಹಾಕಿ ಎರಡು ಸಲ ಓದಿದ. ಅಮ್ಮನದ್ದು ಒಂದೇ ಮಾತು, "ಹಾಗಾದರೆ ಮುಂದೆ ನಾನು."

ಇನ್ನೊಂದು ಗಾಡಿ ಸಿಕ್ಕಿದೆ. ಹಿಂದೆ ಮೂರೂ ಸೀಟು ಮುಂದಕ್ಕೆ ಮುಖ, ಹೆಗಲಿನಿಂದ ಬರುವ ಬೆಲ್ಟು. ಉಪ್ಪಳದ ಅಣ್ಣ, ಭಾನುವಾರ ಪುರುಸೊತ್ತುಂಟೋ? ಗಾಡಿಯ ಅಡಿಗೆ ನುಗ್ಗಿ ನೋಡಬೇಕು.

ಬಾಡಿಕೆಲಸ (ಉಪ್ಪಳ):
ಮಧ್ಯಾಹ್ನದ ಮೇಲೆ ಬರ್ತೇನೆ. ಹಾಸಲಿಕ್ಕೆ ಹಳೆ ಗೋಣಿ ಇಡಿ.