ಡೇರಿಯಸ್ ಎಚ್ಚರ ಆದ್ನಾ, ಇಲ್ವಾ? 'ಅಟ್ಲಾಂಟಾ' ಕೊನೆ ಕಂತಿನ ಬಗ್ಗೆ

ಗಾಂಧಿಬಜಾರ್ ಗೆಳೆಯ:
2022ರ ನವೆಂಬರ್ 10ಕ್ಕೆ ಅಮೆರಿಕದ ಟಿವಿ ಚಾನೆಲ್ ಎಫ್‌ಎಕ್ಸ್‌ನಲ್ಲಿ ಬಂದ 'ಅಟ್ಲಾಂಟಾ' ಸೀರಿಯಲ್ಲಿನ ಈ ಕೊನೆ ಕಂತನ್ನ ನೋಡದವರಿಗೆ ಕಥೆ ಇಷ್ಟು. ಡೇರಿಯಸ್ ಸದ್ದು-ಬೆಳಕು ಬಾರದ ತೊಟ್ಟಿಯೊಳಗೆ ಉಪ್ಪುನೀರಲ್ಲಿ ತೇಲೋಕೆ ಹೋಗ್ತಾನೆ. ಅತ್ತ ಅವನ ಗೆಳೆಯರಾದ ಅರ್ನ್, ಆಲ್, ವ್ಯಾನ್ ಒಂದು ಸುಶಿ ಹೋಟೆಲಲ್ಲಿ ಸಿಕ್ಕಿಹಾಕ್ಕೊಳ್ತಾರೆ, ಮುಂದೆ ಫುಗು ಅನ್ನೋ ವಿಷದ ಮೀನು. ಡೇರಿಯಸ್ ಗುಲಾಬಿ ಮಾಸೆರಾಟಿಯಲ್ಲಿ ಬಂದು ಬಿಡಿಸ್ತಾನೆ. ಕನಸು ಹೌದೋ ಅಲ್ವೋ ಅಂತ ತಿಳಿಯೋಕೆ ಅವನ ಹತ್ರ ಒಂದು ಪರೀಕ್ಷೆ ಇದೆ: ಟಿವಿಯ ಕೋರ್ಟ್ ಶೋನ ಜಡ್ಜ್ ಜೂಡಿ ಮೈಕೈ ತುಂಬ್ಕೊಂಡು ಕಂಡ್ರೆ ಅದು ಕನಸು. ಕೊನೇಲಿ ಅದೇ ಶೋ ಓಡ್ತಿರುತ್ತೆ, ನಮಗೆ ಕಾಣೋದು ಅವನ ಮುಖ ಮಾತ್ರ. ನಗ್ತಾನೆ, ಮುಗೀತು. ನನ್ನ ಪ್ರಕಾರ ಅವನಿನ್ನೂ ತೊಟ್ಟಿಯಲ್ಲೇ ಇದ್ದಾನೆ. ಸರಿಯಾದ ಹೊತ್ತಿಗೆ ಗುಲಾಬಿ ಕಾರು ಬಂದು ನಿಲ್ಲೋದು ಕನಸಲ್ಲಿ ಮಾತ್ರ.

ಎಡಿಟಿಂಗ್ ಟೇಬಲ್:
ಒಪ್ಪಲ್ಲ ಸರ್. ಡೇರಿಯಸ್‌ನ ದೃಶ್ಯಗಳು ಮತ್ತೆ ಮತ್ತೆ ತೊಟ್ಟಿಗೇ ವಾಪಸ್ ಬರ್ತವೆ. ಹೋಟೆಲಿನ ದೃಶ್ಯ ಹಾಗಲ್ಲ, ಪ್ರತಿ ಸಲವೂ ಬಿಟ್ಟಲ್ಲಿಂದಲೇ ಮುಂದುವರಿಯುತ್ತೆ. ಕಾರು ಬರೋವರೆಗೂ ಅಲ್ಲಿ ಅವನಿಲ್ಲ. ಅವನೇ ಇಲ್ಲದ ಮೇಜಿನ ಮಾತುಕತೆಯನ್ನ ಅಷ್ಟು ನೇರವಾಗಿ ಕನಸು ಕಂಡ ಅಂತ ಹೇಳೋಕೆ ಸಂಕಲನದಲ್ಲಿ ಒಂದು ಸುಳಿವಾದ್ರೂ ಬೇಕಲ್ವಾ?

ಇನ್ನು ವಿಚಿತ್ರ ಇದೆ ಅಂದಮಾತ್ರಕ್ಕೆ ಕನಸಾಗಲ್ಲ. ಮೊದಲ ಸೀಸನ್ನಲ್ಲೇ ಕಣ್ಣಿಗೆ ಕಾಣದ ಕಾರೊಂದು ಜನರನ್ನ ಗುದ್ದಿಕೊಂಡು ಹೋಗುತ್ತೆ. ಆಗ ಯಾರೂ ಮಲಗಿರಲಿಲ್ಲ.

ನಿದ್ದೆಪಾಠ:
ತೊಟ್ಟಿಯ ವಿಷಯ ಸ್ವಲ್ಪ ಹೇಳ್ತೀನಿ, ವಾದಕ್ಕೆ ಬೇಕು. ಅಮೆರಿಕದ ವಿಜ್ಞಾನಿ ಜಾನ್ ಲಿಲ್ಲಿ 1954ರಲ್ಲಿ ಇಂಥ ತೊಟ್ಟಿ ಶುರು ಮಾಡಿದಾಗ ಅದರಲ್ಲಿ ಸಾದಾ ನೀರು, ಮುಖಕ್ಕೆ ಮಾಸ್ಕ್. ಈಗಿನದರಲ್ಲಿ ಸುಮಾರು 25 ಸೆಂ.ಮೀ. ಆಳದ ನೀರಿಗೆ ನೂರಾರು ಕಿಲೋ ಎಪ್ಸಮ್ ಸಾಲ್ಟ್ (ಮೆಗ್ನೀಸಿಯಂ ಸಲ್ಫೇಟ್) ಕರಗಿಸ್ತಾರೆ. ನೀರು 34–35 ಡಿಗ್ರಿ, ಅಂದ್ರೆ ಚರ್ಮದಷ್ಟೇ ಬೆಚ್ಚಗೆ. ಹಾಗಿದ್ರೆ ಮೈ ಎಲ್ಲಿ ಮುಗೀತು, ನೀರು ಎಲ್ಲಿ ಶುರುವಾಯ್ತು ಅಂತ ಗೊತ್ತಾಗಲ್ಲ. ಒಂದೆರಡು ಡಿಗ್ರಿ ಇಳಿದ್ರೆ ಚಳಿ, ಕಣ್ಣಿಗೆ ಒಂದು ಹನಿ ಬಿದ್ರೆ ಉರಿ, ಎರಡರಲ್ಲಿ ಯಾವುದಾದ್ರೂ ಸಾಕು ಎಚ್ಚರವಾಗೋಕೆ. ಡೇರಿಯಸ್‌ಗೆ ಆಗೋದು 'ಸುಳ್ಳು ಎಚ್ಚರ': ಎದ್ದೆ ಅಂತ ಕನಸು ಬೀಳುತ್ತೆ, ಅದರೊಳಗೆ ಮತ್ತೆ ಏಳ್ತೀವಿ.

ಆ ಮೀನಿನ ಆಯ್ಕೆಯೂ ಸುಮ್ಮನೆ ಅಲ್ಲ. ಫುಗುವಿನ ವಿಷ ಟೆಟ್ರೊಡೊಟಾಕ್ಸಿನ್ ಬೇಯಿಸಿದ್ರೂ ಹೋಗಲ್ಲ, ಅದಕ್ಕೆ ಪ್ರತಿವಿಷವೂ ಇಲ್ಲ. ಮೊದಲು ತುಟಿ ಜೋಮು ಹಿಡಿಯುತ್ತೆ, ಆಮೇಲೆ ಉಸಿರಾಟದ ಸ್ನಾಯುಗಳು ನಿಲ್ತವೆ. ಎಷ್ಟೋ ಸಲ ಅಲ್ಲೀವರೆಗೂ ಪ್ರಜ್ಞೆ ಇರುತ್ತೆ. ಮೈ ಇಲ್ಲದ ಮನಸ್ಸು ತೊಟ್ಟಿಯಲ್ಲೂ ಇದೆ, ತಟ್ಟೆಯಲ್ಲೂ ಇದೆ. ನಂಗೆ ಈ ಜೋಡಣೆ ತುಂಬಾ ಇಷ್ಟ.

ತರ್ಕದ ತಕ್ಕಡಿ:
ಗಾಂಧಿಬಜಾರ್ ಗೆಳೆಯ, ಎಡಿಟಿಂಗ್ ಟೇಬಲ್, ಇಬ್ಬರೂ ಪರೀಕ್ಷೆಯನ್ನೇ ಸರಿಯಾಗಿ ನೋಡ್ತಿಲ್ಲ. 'ಜೂಡಿ ದಪ್ಪ ಇದ್ರೆ ಕನಸು' ಅಂದ್ರೆ 'ಮಾಮೂಲಿ ಇದ್ರೆ ಎಚ್ಚರ' ಅಂತ ಆಗಲ್ಲ. ಕನಸಲ್ಲೂ ಆಕೆ ಮಾಮೂಲಾಗಿ ಕಾಣಬಹುದಲ್ಲ? ಟಿವಿ ತೋರಿಸಿದ್ರೂ ಎರಡರಲ್ಲಿ ಒಂದು ಉತ್ತರ ಮಾತ್ರ ಗಟ್ಟಿ. ಹಾಗಾಗಿ ಟಿವಿ ಮುಚ್ಚಿಟ್ಟಿದ್ದನ್ನ ಮೋಸ ಅನ್ನೋಕಾಗಲ್ಲ.

ನಿದ್ದೆಪಾಠ:
ಹೌದು. ಸ್ಪಷ್ಟಗನಸು, ಅಂದ್ರೆ ಇದು ಕನಸು ಅಂತ ಗೊತ್ತಿದ್ದೇ ಕಾಣೋ ಕನಸು, ಅಭ್ಯಾಸ ಮಾಡೋರು ಅದಕ್ಕೇ ಒಂದೇ ಗುರುತು ನಂಬಲ್ಲ. ಒಂದು ಸಾಲು ಓದಿ, ಕಣ್ಣು ತೆಗೆದು, ಮತ್ತೆ ಓದ್ತಾರೆ. ಕನಸಲ್ಲಾದ್ರೆ ಅಕ್ಷರ ಸಾಮಾನ್ಯವಾಗಿ ಬದಲಾಗಿರುತ್ತೆ. ಡೇರಿಯಸ್ ಒಂದೇ ಸಲ ನೋಡಿ ನಗ್ತಾನೆ, ಎರಡನೇ ಸಲ ಪರೀಕ್ಷೆ ಮಾಡಲ್ಲ.

ಮೆಜೆಸ್ಟಿಕ್ ಮಾರ್ನಿಂಗ್ ಶೋ:
ನಮ್ಮ 'ಲೂಸಿಯಾ' (2013) ನೆನಪಿಸ್ಕೊಳ್ಳಿ. ಥಿಯೇಟರಲ್ಲಿ ಟಾರ್ಚ್ ಬಿಡೋ ನಿಕ್ಕಿಯದು ಬಣ್ಣದಲ್ಲಿ, ಸ್ಟಾರ್ ನಿಖಿಲ್‌ನದು ಕಪ್ಪು-ಬಿಳುಪಲ್ಲಿ. ಬಣ್ಣ ಇರೋದೇ ನಿಜ ಅಂತ ನಾವಾಗೇ ಅಂದ್ಕೊಂಡಿರ್ತೀವಿ, ಕೊನೇಲಿ ಅದೇ ತಿರುಗುಮುರುಗು. ಅಮೆರಿಕದ 'ನ್ಯೂಹಾರ್ಟ್' ಧಾರಾವಾಹಿ 1990ರಲ್ಲಿ ಮುಗಿದಾಗ ನಾಯಕ ಎದ್ದಿದ್ದು ಅದೇ ನಟನ ಹಳೇ ಧಾರಾವಾಹಿಯ ಹಾಸಿಗೇಲಿ, ಎಂಟು ವರ್ಷದ ಕಥೆಯೆಲ್ಲ ಕನಸಾಯ್ತು. ಇವೆರಡೂ ಉತ್ತರ ಕೈಗೆ ಕೊಡ್ತವೆ. ಉತ್ತರ ಕೊಡೋಕೂ ಧೈರ್ಯ ಬೇಕು ಗುರು. 'ಅಟ್ಲಾಂಟಾ' ಅಲ್ಲಿ ಹಿಂದೆ ಸರೀತು ಅಂತಲೇ ನನ್ನ ಅನಿಸಿಕೆ.

ಎಡಿಟಿಂಗ್ ಟೇಬಲ್:
ಹಿಂದೆ ಸರಿದಿಲ್ಲ ರೀ. ಆ ಕೊನೆ ಶಾಟನ್ನೇ ನೋಡಿ. ಉಳಿದ ಮೂವರು ಹೊರಗೆ ಹೋಗಿ ಆಗಿದೆ. ನಮ್ಮಲ್ಲಿ ಶಾರ್ಟ್ ಫಿಲಂ ಮಾಡೋರು ಇಂಥ ಕಡೆ ಮೂರು ತಪ್ಪು ಮಾಡ್ತಾರೆ: ಕನಸಿಗೆ ನೀಲಿ ಬಣ್ಣ ಬಳೀತಾರೆ, ಮಾತಿಗೆ ಎಕೋ ಹಾಕ್ತಾರೆ, ಕೊನೇಲಿ ಎರಡು ಸೆಕೆಂಡ್ ಟಿವಿ ತೋರಿಸಿಬಿಡ್ತಾರೆ. ಈ ಕಂತಿನ ನಿರ್ದೇಶಕ ಹಿರೋ ಮುರಾಯ್ ಟಿವಿಯನ್ನ ಫ್ರೇಮಿನ ಹೊರಗೇ ಇಟ್ಟ. ಮುಖದ ಮೇಲೆ ಶಾಟ್ ನಿಂತಷ್ಟೂ ನಾವು ಟಿವಿ ಬಿಟ್ಟು ಆ ಕಣ್ಣನ್ನ ಓದೋಕೆ ಶುರು ಮಾಡ್ತೀವಿ.

ಗಾಂಧಿಬಜಾರ್ ಗೆಳೆಯ:
ಹೋಟೆಲ್ ದೃಶ್ಯದ ಬಗ್ಗೆ ನೀವು ಹೇಳಿದ್ದು ಸರಿ, ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಆದ್ರೆ ಮೂರನೇ ಸೀಸನ್ನಿನ ಮೊದಲ ಕಂತು ಏನಾಯ್ತು? ಅರ್ನ್ ಎಲ್ಲೂ ಇಲ್ಲದ ಒಬ್ಬ ಹುಡುಗನ ಇಡೀ ಕಥೆ ಓಡಿ, ಕಡೇಲಿ ಅರ್ನ್ ಹಾಸಿಗೆಯಿಂದ ಏಳ್ತಾನೆ. ತಾನಿಲ್ಲದ ಕಥೆಯನ್ನ ಕನಸು ಕಾಣೋದು ಈ ಸೀರಿಯಲ್ಲಿಗೆ ಹೊಸದಲ್ಲ.

ಎಡಿಟಿಂಗ್ ಟೇಬಲ್:
ಅದನ್ನ ಮರೆತಿದ್ದೆ. ಆದ್ರೆ ಅಲ್ಲಿ ಅರ್ನ್ ಏಳೋದನ್ನ ತೋರಿಸ್ತಾರೆ. ಇಲ್ಲಿ ಆ ಶಾಟ್ ಇಲ್ಲ.