ಪದಚರ್ಚೆ: ‘ಫುಲ್ ಸ್ಟ್ಯಾಕ್ ಡೆವಲಪರ್’ ಅಂದರೆ ಎಷ್ಟು ಫುಲ್?

ಎಲ್ಲರಿಗೂ ಶರಣು.

ಸಾಫ್ಟ್‌ವೇರ್ ಕೆಲಸದ ಜಾಹೀರಾತು, ಕೋರ್ಸುಗಳಲ್ಲಿ ಕಾಣುವ ‘ಫುಲ್ ಸ್ಟ್ಯಾಕ್ ಡೆವಲಪರ್’ ಅನ್ನುವ ಹೆಸರನ್ನು ಕನ್ನಡದಲ್ಲಿ ಹೇಗೆ ಬರೆಯಬೇಕು, ಹೇಗೆ ಬಿಡಿಸಿ ಹೇಳಬೇಕು? ಪದಕ್ಕೆ ಪದವೇ ಬೇಕು ಅಂತ ನನಗೆ ಹಟವಿಲ್ಲ. ಆದರೆ ಆಳಂದ, ಜೇವರ್ಗಿ, ಚಿಂಚೋಳಿ ಕಡೆಯಿಂದ ಡಿಗ್ರಿ ಮುಗಿಸಿ ಕಲಬುರಗಿಗೆ ಬಂದು ಕೋರ್ಸ್ ಹುಡುಕುವ ಹುಡುಗ ಹುಡುಗಿಯರು ಇದ್ದಾರಲ್ಲ, ಅವರಿಗೆ ಮತ್ತು ಅವರ ಮನೆಯವರಿಗೆ ಫೀ ಕಟ್ಟುವ ಮೊದಲು ಇದು ಏನು ಅಂತ ಗೊತ್ತಾಗಬೇಕು. ಅಂಥವರಿಗಾಗಿ ಒಂದು ಸಣ್ಣ ಕನ್ನಡ ಕೈಪಿಡಿ ತಿದ್ದುವ ಕೆಲಸ ನನ್ನ ಕೈಗೆ ಬಂದಿದೆ.

ಕರಡಿನಲ್ಲಿ ಇದ್ದದ್ದು ‘ಪೂರ್ಣ ದಾಸ್ತಾನು ಅಭಿವೃದ್ಧಿಕಾರ’. ಮೊದಲು ಯಾರೋ ‘ಫುಲ್ ಸ್ಟಾಕ್’ ಅಂತ ಬರೆದಿದ್ದಾರೆ. ಆಮೇಲೆ ಇನ್ಯಾರೋ ಅದನ್ನು ಅಚ್ಚುಕಟ್ಟು ಕನ್ನಡ ಮಾಡಲು ಹೋಗಿದ್ದಾರೆ. ನಗು ಬಂತು, ನಿಜ. ಆದರೆ ಆ ಎರಡನೆಯವರನ್ನು ಬೈಯಲು ಮನಸ್ಸಾಗಲಿಲ್ಲ. ಕನ್ನಡ ಅಕ್ಷರದಲ್ಲಿ ‘ಸ್ಟಾಕ್’ ಅಂತ ಬರೆದರೆ ಓದುವವರಿಗೆ ಹೊಳೆಯುವುದು ಅಂಗಡಿಯ ಸ್ಟಾಕೇ. ಅದರಲ್ಲೂ ಕಲಬುರಗಿಯಲ್ಲಿ! ಇದು ತೊಗರಿ ಊರು. ಇಲ್ಲಿನ ತೊಗರಿ ಬೇಳೆಗೆ 2019ರಲ್ಲಿ ಜಿಐ (ಭೌಗೋಳಿಕ ಸೂಚಿ) ಮಾನ್ಯತೆ ಸಿಕ್ಕಿದೆ. ಇಲ್ಲಿನ ಧಾನ್ಯದ ಪೇಟೆ ನೆಹರು ಗಂಜಿನಲ್ಲಿ ನಿಂತು ‘ಸ್ಟಾಕ್ ಫುಲ್ ಅದ’ ಅಂದರೆ ಗೋದಾಮು ತುಂಬಿದೆ, ಸದ್ಯಕ್ಕೆ ಮಾಲು ಬೇಡ ಅಂತಲೇ ಅರ್ಥ. ‘ಫುಲ್ ಸ್ಟಾಕ್ ಡೆವಲಪರ್ ಬೇಕಾಗಿದ್ದಾರೆ’ ಅನ್ನುವ ಬೋರ್ಡನ್ನು ಅಲ್ಲಿನ ಮುನೀಮರು ಹೇಗೆ ಓದಬೇಕು ಹೇಳಿ.

ಹಾಗಾಗಿ ನನ್ನ ಮೊದಲ ಸಲಹೆ ಕಾಗುಣಿತದ್ದು. ಯ ಒತ್ತು ಕೊಟ್ಟು ‘ಸ್ಟ್ಯಾಕ್’ ಅಂತಲೇ ಬರೆಯೋಣ. ‘ಬ್ಯಾಂಕ್’, ‘ಟ್ಯಾಕ್ಸಿ’ ಬರೆಯುವುದಿಲ್ಲವೇ, ಹಾಗೆಯೇ. ಒಂದು ಒತ್ತಕ್ಷರ ಜಾಸ್ತಿಯಾಗುತ್ತದೆ. ಗೋದಾಮು ಬೇರೆ, ಇದು ಬೇರೆ ಅಂತ ತಿಳಿಯಲು ಅಷ್ಟು ಸಾಕು.

‘ಡೆವಲಪರ್’ ಪದಕ್ಕೂ ಇಂಥದೇ ತೊಡಕಿದೆ. ನಮ್ಮೂರಲ್ಲಿ ‘ಡೆವಲಪರ್ಸ್’ ಅಂತ ಬೋರ್ಡ್ ಹಾಕಿದವರು ಸಾಮಾನ್ಯವಾಗಿ ಪ್ಲಾಟ್ ಮಾರುವವರು. ‘ಅಭಿವೃದ್ಧಿಕಾರ’ ಅಂದರೆ ಇನ್ನೂ ಕಷ್ಟ. ಅಭಿವೃದ್ಧಿ ಅಂದ ಕೂಡಲೇ ರಸ್ತೆ, ಚರಂಡಿ, ಅನುದಾನ ಕಣ್ಣ ಮುಂದೆ ಬರುತ್ತವೆ. ‘ಸಾಫ್ಟ್‌ವೇರ್ ಬರೆಯುವವರು’ ಅಂದರೆ ನನಗೆ ಹಿತ. ‘ತಂತ್ರಾಂಶ’ ಅನ್ನುವ ಪದವೂ ಚೆನ್ನಾಗಿ ನಿಂತಿದೆ, ಬೇಕಾದವರು ಅದನ್ನು ಬಳಸಲಿ.

ಇನ್ನು ನಡುವಿನ ಪದ, ‘ಸ್ಟ್ಯಾಕ್’. ಗಣಕದವರ ಬಾಯಲ್ಲಿ ಇದಕ್ಕೆ ಒಂದೇ ಅರ್ಥ ಇಲ್ಲ. ಬಿಸಿಎ, ಬಿಇ ಓದುವವರು ಡೇಟಾ ಸ್ಟ್ರಕ್ಚರ್ ಪಾಠದಲ್ಲಿ ಕಲಿಯುವ ಸ್ಟ್ಯಾಕ್ ಒಂದು. ಅದರಲ್ಲಿ ಕೊನೆಗೆ ಇಟ್ಟದ್ದು ಮೊದಲು ಹೊರಗೆ ಬರುತ್ತದೆ. ಪ್ರೋಗ್ರಾಂ ಓಡುವಾಗ ಒಂದು ಫಂಕ್ಷನ್ (ಪ್ರೋಗ್ರಾಮಿನ ಒಂದು ತುಂಡು) ಇನ್ನೊಂದನ್ನು ಕರೆದರೆ, ಎಲ್ಲಿಗೆ ಮರಳಬೇಕು ಅನ್ನುವ ಗುರುತನ್ನು ಇಂಥದೇ ಸ್ಟ್ಯಾಕಿನಲ್ಲಿ ಇಡುತ್ತಾರೆ. ಅದು ಮಿತಿ ಮೀರಿ ತುಂಬಿದರೆ ಆಗುವುದು ಸ್ಟ್ಯಾಕ್ ಓವರ್‌ಫ್ಲೋ. 2008ರಲ್ಲಿ ಶುರುವಾದ ಪ್ರಶ್ನೋತ್ತರ ತಾಣದ ಹೆಸರು ಬಂದದ್ದು ಅಲ್ಲಿಂದ. ತಮಾಷೆ ಅಂದರೆ, ಅದೇ ತಾಣ ವರ್ಷವರ್ಷ ನಡೆಸುವ ಸಮೀಕ್ಷೆಯಲ್ಲಿ ‘ನಿಮ್ಮ ಕೆಲಸ ಏನು’ ಅಂತ ಕೇಳಿದರೆ ಬಹಳ ಜನ ಆರಿಸುವುದು ‘ಫುಲ್ ಸ್ಟ್ಯಾಕ್’ ಅನ್ನುವ ಉತ್ತರವನ್ನೇ. ಎರಡೂ ಸ್ಟ್ಯಾಕ್‌ಗಳಿಗೆ ನಂಟೇನೂ ಇಲ್ಲ. ಪಾಠದಲ್ಲಿ ಸ್ಟ್ಯಾಕ್ ಓದಿದ ಹುಡುಗರು ಫುಲ್ ಸ್ಟ್ಯಾಕ್ ಅಂದರೆ ‘ತುಂಬಿದ ಸ್ಟ್ಯಾಕ್’ ಅಂದುಕೊಂಡರೆ ಅವರದೇನೂ ತಪ್ಪಿಲ್ಲ ಅಲ್ವಾ?

ನಾವು ಕೇಳುತ್ತಿರುವ ಸ್ಟ್ಯಾಕ್ ಅಂದರೆ ಒಂದರ ಮೇಲೊಂದು ಕೂತ ತಂತ್ರಜ್ಞಾನದ ಪದರಗಳು. ಇದಕ್ಕೆ ಒಳ್ಳೆಯ ಹಳೆಯ ಉದಾಹರಣೆ ‘ಲ್ಯಾಂಪ್’. 1998ರಲ್ಲಿ ಜರ್ಮನಿಯ ಒಂದು ಕಂಪ್ಯೂಟರ್ ಪತ್ರಿಕೆಯಲ್ಲಿ ಹುಟ್ಟಿದ ಹೆಸರು ಇದು. ತಳದಲ್ಲಿ ಯಂತ್ರವನ್ನು ನಡೆಸುವ ಲಿನಕ್ಸ್, ಅದರ ಮೇಲೆ ಕೇಳಿದವರಿಗೆ ಪುಟ ಕಳಿಸುವ ಅಪಾಚೆ ಸರ್ವರ್, ಮಾಹಿತಿ ಇಡಲು ಮೈಎಸ್‌ಕ್ಯೂಎಲ್, ಪುಟ ಕಟ್ಟಲು ಪಿಎಚ್‌ಪಿ. ನಾಲ್ಕರ ಮೊದಲ ಅಕ್ಷರ ಸೇರಿ ಲ್ಯಾಂಪ್ ಆಯಿತು. ನಾಲ್ಕೂ 90ರ ದಶಕದಲ್ಲಿ ಬಂದವು, ನಾಲ್ಕೂ ಪುಕ್ಕಟೆ ಸಿಗುತ್ತಿದ್ದವು. ಕಿಸೆಯಲ್ಲಿ ಕಾಸಿಲ್ಲದ ಹುಡುಗರೂ ಒಂದು ವೆಬ್‌ಸೈಟ್ ನಿಲ್ಲಿಸಬಹುದು ಅಂತ ಧೈರ್ಯ ಕೊಟ್ಟದ್ದು ಇದೇ ಜೋಡಣೆ.

ಈಗ ಕೋರ್ಸಿನವರು ಹೇಳುವ ‘ಮರ್ನ್’, ‘ಮೀನ್’ ಕೂಡ ಅದೇ ಜಾತಿಯವು. ಮೊಂಗೊಡಿಬಿ, ಎಕ್ಸ್‌ಪ್ರೆಸ್, ರಿಯಾಕ್ಟ್, ನೋಡ್ ಸೇರಿ ಮರ್ನ್. ಮೊದಲನೆಯದು ಮಾಹಿತಿ ಇಡಲು, ರಿಯಾಕ್ಟ್ ಪರದೆಗೆ, ಉಳಿದೆರಡು ಸರ್ವರ್ ಕಡೆಗೆ. ರಿಯಾಕ್ಟ್ ಬದಲು ಆಂಗ್ಯುಲರ್ ಇದ್ದರೆ ಮೀನ್. ‘ಮೀನ್ ಸ್ಟ್ಯಾಕ್ ಕಲಿಸುತ್ತೇವೆ’ ಅನ್ನುವ ಕರಪತ್ರವನ್ನು ಕನ್ನಡದಲ್ಲಿ ಮಾತ್ರ ಓದಿದವರ ಗತಿ ನೆನೆಸಿಕೊಳ್ಳಿ.

‘ಫುಲ್’ ಅನ್ನುವ ಮಾತು ಯಾಕೆ ಬೇಕಾಯಿತು ಅಂತ ತಿಳಿಯದೆ ಕನ್ನಡ ಪದ ಹುಡುಕಿದರೆ ಎಡವುತ್ತೇವೆ. ಮೊದಮೊದಲು ವೆಬ್‌ಸೈಟಿನ ಪೂರಾ ಕೆಲಸ ಒಬ್ಬರದೇ ಆಗಿತ್ತು. ಅವರನ್ನು ವೆಬ್‌ಮಾಸ್ಟರ್ ಅನ್ನುತ್ತಿದ್ದರು. ತಾಣಗಳು ದೊಡ್ಡದಾದ ಹಾಗೆ ಕೆಲಸ ಹೋಳಾಯಿತು. ಕಣ್ಣಿಗೆ ಕಾಣುವ ಭಾಗ ಒಬ್ಬರಿಗೆ, ಅದು ಫ್ರಂಟ್ ಎಂಡ್. ಕಾಣದ ಭಾಗ ಇನ್ನೊಬ್ಬರಿಗೆ, ಅದು ಬ್ಯಾಕ್ ಎಂಡ್. ಎರಡಕ್ಕೂ ಭಾಷೆಯೇ ಬೇರೆ. 1995ರಲ್ಲಿ ಬಂದ ಜಾವಾಸ್ಕ್ರಿಪ್ಟ್ ಬಹುಕಾಲ ಹೆಚ್ಚಾಗಿ ಪುಟ ತೋರಿಸುವ ಬ್ರೌಸರಿನೊಳಗೇ ಇತ್ತು. ಸರ್ವರ್ ಕಡೆಗೆ ಜಾವಾ, ಪಿಎಚ್‌ಪಿ, ಪೈಥಾನ್ ಇತ್ಯಾದಿ. 2009ರಲ್ಲಿ ನೋಡ್ ಬಂದ ಮೇಲೆ ಜಾವಾಸ್ಕ್ರಿಪ್ಟನ್ನು ಸರ್ವರಿನಲ್ಲೂ ಓಡಿಸುವುದು ಸಲೀಸಾಯಿತು. ಒಂದೇ ಭಾಷೆ ಕಲಿತವರು ಎರಡೂ ಕಡೆ ಕೈ ಆಡಿಸುವ ಹಾಗಾಯಿತು. ಹೋಳಾಗಿದ್ದ ಕೆಲಸವನ್ನು ಮತ್ತೆ ಒಬ್ಬರೇ ಹಿಡಿಯುವಾಗ ಅಂಟಿಕೊಂಡ ವಿಶೇಷಣ ಈ ‘ಫುಲ್’. ಅಂದರೆ ಅದು ಕೆಲಸದ ಹರವಿಗೆ ಸೇರಿದ್ದು, ಮನುಷ್ಯರ ಜ್ಞಾನಕ್ಕೆ ಅಲ್ಲ.

ನಮ್ಮ ಕಡೆಯದೇ ಒಂದು ಕೆಲಸ ತೆಗೆದುಕೊಳ್ಳಿ. ಇವತ್ತಿನ ತೊಗರಿ ದರವನ್ನು ಮೊಬೈಲಿನಲ್ಲಿ ತೋರಿಸುವ ಒಂದು ಪುಟ ಬೇಕು. ಪರದೆಯ ಮೇಲೆ ಊರಿನ ಪಟ್ಟಿ, ಕೆಳಗೆ ‘ದರ ನೋಡಿ’ ಅನ್ನುವ ಗುಂಡಿ. ಪುಟದ ಚೌಕಟ್ಟು ಎಚ್‌ಟಿಎಂಎಲ್. ಬಣ್ಣ, ಅಕ್ಷರದ ಗಾತ್ರ, ಜಾಗ ಸಿಎಸ್‌ಎಸ್. ಗುಂಡಿ ಒತ್ತಿದಾಗ ಏನಾಗಬೇಕು ಅನ್ನುವುದು ಜಾವಾಸ್ಕ್ರಿಪ್ಟ್. ಒತ್ತಿದ ಕೂಡಲೇ ಬ್ರೌಸರಿನಿಂದ ಒಂದು ಕೋರಿಕೆ ಸರ್ವರಿಗೆ ಹೋಗುತ್ತದೆ. ಅಲ್ಲಿನ ಪ್ರೋಗ್ರಾಂ ಕೋರಿಕೆ ಸರಿಯಿದೆಯೇ ಅಂತ ಮೊದಲು ನೋಡುತ್ತದೆ. ದರ ನೋಡುವುದಕ್ಕೆ ಯಾರು ಬಂದರೂ ಆದೀತು, ದರ ತಿದ್ದಲು ಬಂದವರಾದರೆ ಅವರು ಯಾರು ಅಂತ ಕೇಳಲೇಬೇಕು. ಆಮೇಲೆ ಅದು ಮಾಹಿತಿ ಇಟ್ಟ ಡೇಟಾಬೇಸನ್ನು ಕೇಳುತ್ತದೆ: ಕಲಬುರಗಿ, ತೊಗರಿ, ಇವತ್ತಿನ ತಾರೀಖು. ಸಾಲು ಸಿಕ್ಕರೆ ಅದನ್ನು ಜೇಸನ್ ಅನ್ನುವ ಸರಳ ಪಠ್ಯ ರೂಪದಲ್ಲಿ ಮೇಲಕ್ಕೆ ಕಳಿಸುತ್ತದೆ, ಪರದೆಯಲ್ಲಿ ದರ ಮೂಡುತ್ತದೆ. ಇದೆಲ್ಲ ಎಲ್ಲೋ ಒಂದು ಯಂತ್ರದಲ್ಲಿ ಓಡಬೇಕಲ್ಲ. ಆ ಯಂತ್ರ ಈಗ ಬಾಡಿಗೆಯದು. ಇಂಥ ಯಂತ್ರ ಬಾಡಿಗೆಗೆ ಕೊಡುವ ಅಮೆಜಾನಿನ ಕ್ಲೌಡ್ ಮುಂಬೈಗೆ 2016ರಲ್ಲಿ ಬಂತು, ಹೈದರಾಬಾದಿಗೆ 2022ರಲ್ಲಿ. ನಮ್ಮ ಹುಡುಗರು ಕೆಲಸ ಹುಡುಕಿ ರೈಲು ಹತ್ತುವ ಊರುಗಳಿಗೇ ನಮ್ಮ ದರಪಟ್ಟಿಯೂ ಹೋಗಿ ಕೂತಿರಬಹುದು ನೋಡಿ.

ಈಗ ಒಬ್ಬ ರೈತರು ಫೋನ್ ಮಾಡಿ ‘ನಿನ್ನಿ ರೇಟೇ ತೋರಸ್ಲಿಕತ್ತದ’ ಅನ್ನುತ್ತಾರೆ. ತಪ್ಪು ಎಲ್ಲಿದೆ? ಮೊಬೈಲು ಹಳೆಯ ಪುಟವನ್ನೇ ಹಿಡಿದಿಟ್ಟುಕೊಂಡಿದೆಯೇ? ಸರ್ವರಿನ ಗಡಿಯಾರ ಭಾರತದ ವೇಳೆಗೆ ಹೊಂದಿಕೊಂಡಿಲ್ಲವೇ? ಡೇಟಾಬೇಸಿಗೆ ಇವತ್ತಿನ ದರ ಇನ್ನೂ ಬಂದೇ ಇಲ್ಲವೇ? ಫ್ರಂಟ್ ಎಂಡಿನವರು ‘ನಮ್ಮಲ್ಲಿ ಸರಿ ಇದೆ, ಸರ್ವರ್ ನೋಡಿ’ ಅನ್ನಬಹುದು. ಬ್ಯಾಕ್ ಎಂಡಿನವರು ಅದನ್ನೇ ತಿರುಗಿಸಿ ಹೇಳಬಹುದು. ಪರದೆಯಿಂದ ಡೇಟಾಬೇಸಿನವರೆಗೆ ಇಳಿದು, ತಪ್ಪು ಯಾವ ಪದರದಲ್ಲಿದೆ ಅಂತ ಹಿಡಿದು, ಅಲ್ಲೇ ಸರಿ ಮಾಡಿ ಮೇಲೆ ಬರುವವರು ಫುಲ್ ಸ್ಟ್ಯಾಕ್ ಡೆವಲಪರ್. ನನಗೆ ಹಿಡಿಸಿದ ಅರ್ಥ ಇದು.

ಹೀಗೆ ನೋಡಿದರೆ ಕೆಲವು ಅನುವಾದಗಳು ತಾವಾಗಿಯೇ ಉದುರುತ್ತವೆ. ‘ಪರಿಪೂರ್ಣ’, ‘ಸಮಗ್ರ’, ‘ಸರ್ವಜ್ಞ’ ಯಾವುದೂ ಬೇಡ. ಒಬ್ಬ ಗೆಳೆಯರು ‘ಸಕಲಕಲಾವಲ್ಲಭ’ ಅಂದರು, ಅದು ಸಿನಿಮಾ ಪೋಸ್ಟರಿಗೆ ಇರಲಿ. ಫುಲ್ ಸ್ಟ್ಯಾಕ್ ಅನ್ನುವವರಲ್ಲಿ ಬಹುಪಾಲು ಮಂದಿಗೆ ಒಂದು ಕಡೆ ಕೈ ಗಟ್ಟಿ, ಇನ್ನೊಂದು ಕಡೆ ಕೆಲಸ ನಡೆಯುವಷ್ಟು ಪರಿಚಯ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಬೇಸರ ಆಗುವುದು ಕೆಲವು ಕೆಲಸದ ಜಾಹೀರಾತು ನೋಡಿದಾಗ. ಪರದೆಯ ವಿನ್ಯಾಸ, ಸರ್ವರ್, ಡೇಟಾಬೇಸ್, ಕ್ಲೌಡ್, ಟೆಸ್ಟಿಂಗ್, ಜತೆಗೆ ಗಿರಾಕಿಗಳ ಫೋನ್ ಎತ್ತುವುದು, ಎಲ್ಲ ಬರೆದು ಕೊನೆಗೆ ‘ಹೊಸಬರಿಗೆ ಆದ್ಯತೆ’ ಅಂತ ಹಾಕಿರುತ್ತಾರೆ. ಮೂರು ಜನರ ಕೆಲಸ, ಒಬ್ಬರ ಪಗಾರ. ಇಂಥ ಕಡೆ ‘ಫುಲ್’ ಪದದ ಅರ್ಥ ಬೇರೆಯೇ. ಕೈಪಿಡಿಯಲ್ಲಿ ಇದನ್ನೂ ಒಂದು ಸಾಲು ಬರೆಯಬೇಕು ಅಂತಿದ್ದೇನೆ.

‘ಸ್ಟ್ಯಾಕ್’ಗೆ ನಮ್ಮಲ್ಲಿ ಪದ ಇಲ್ಲ ಅನ್ನುವ ಹಾಗೂ ಇಲ್ಲ. ‘ರಾಶಿ’ ಇದೆ, ಆದರೆ ಈ ಕಡೆ ರಾಶಿ ಅಂದರೆ ಕಾಳು ಬಡಿದು ಹಾಕಿದ ಗುಡ್ಡೆ. ಯಾವುದು ಮೇಲೆ, ಯಾವುದು ಕೆಳಗೆ ಅನ್ನುವ ಲೆಕ್ಕ ಅದರಲ್ಲಿ ಇರುವುದಿಲ್ಲ. ‘ಬಣವಿ’ಯನ್ನು ಒಟ್ಟುವುದು ನಾಜೂಕಿನ ಕೆಲಸ, ಆದರೂ ಇಡೀ ಬಣವಿಗೆ ಇರುವುದು ಒಂದೇ ಮೇವು. ನಮ್ಮ ಸ್ಟ್ಯಾಕಿನಲ್ಲಿ ಪದರ ಪದರಕ್ಕೂ ಸಾಮಾನು ಬೇರೆ. ಚೀಲ ಒಂದರ ಮೇಲೊಂದು ಇಟ್ಟದ್ದಕ್ಕೆ ‘ಥಪ್ಪಿ’ ಅನ್ನುವುದು ಕಿವಿಗೆ ಬೀಳುತ್ತದೆ, ಮರಾಠಿಯಲ್ಲೂ ಅದೇ ಪದ. ಅದು ಅರ್ಥಕ್ಕೆ ಹತ್ತಿರ, ಆದರೆ ತುಂಗಭದ್ರೆಯ ಆಚೆಯವರಿಗೆ ಮತ್ತೆ ಬಿಡಿಸಿ ಹೇಳಬೇಕಾದೀತು. ‘ಪದರ’ ಎಲ್ಲರಿಗೂ ಗೊತ್ತು. ‘ಪೂರ್ಣಪದರ’ ಅಂತ ಜೋಡಿಸಿದರೆ ಸಂಸ್ಕೃತ ಕನ್ನಡ ಬೆರೆತು ಅರಿಸಮಾಸ ಆಯಿತು ಅಂತ ವ್ಯಾಕರಣದವರು ಹಿಡಿದುಕೊಳ್ಳುತ್ತಾರೆ. ಮಳಖೇಡದ ನೃಪತುಂಗನ ಕಾಲದಿಂದಲೂ ಈ ಬೆರಕೆಗೆ ಬೈಸಿಕೊಂಡವರು ನಾವು. ಆದರೆ ಬಿರುದುಗಳಲ್ಲಿ ಅರಿಸಮಾಸ ದೋಷವಲ್ಲ ಅಂತ ಹಳೆಯ ವಿನಾಯಿತಿಯೂ ಇದೆ. ಫುಲ್ ಸ್ಟ್ಯಾಕ್ ಡೆವಲಪರ್ ಈಗ ಹೆಚ್ಚುಕಡಿಮೆ ಬಿರುದೇ ಆಗಿರುವುದರಿಂದ ಆ ಬಾಗಿಲಿಂದ ನುಸುಳಬಹುದೇನೋ!

ನನ್ನ ಮನಸ್ಸು ಸದ್ಯ ಇಲ್ಲಿ ನಿಂತಿದೆ. ಶೀರ್ಷಿಕೆಯಲ್ಲಿ ‘ಫುಲ್ ಸ್ಟ್ಯಾಕ್ ಡೆವಲಪರ್’ ಅಂತಲೇ ಇರಲಿ. ಯಾಕೆಂದರೆ ಹುಡುಗರು ನಾಳೆ ಕೆಲಸ ಹುಡುಕುವುದು, ಇಂಟರ್‌ವ್ಯೂನಲ್ಲಿ ಹೇಳುವುದು ಅದೇ ಹೆಸರು. ಕೆಳಗೆ ಒಂದು ಸಾಲು ಬಿಡಿಸಿ ಬರೆಯೋಣ: ‘ಪರದೆಯಿಂದ ಡೇಟಾಬೇಸಿನವರೆಗೆ ಒಂದು ವೆಬ್ ಕೆಲಸವನ್ನು ಮೇಲಿಂದ ತಳದ ತನಕ ಮಾಡಬಲ್ಲವರು’. ‘ಮೇಲಿಂದ ತಳದ ತನಕ’ ಅನ್ನುವುದು ಇಲ್ಲಿನ ಮಾತಿಗೂ ಹತ್ತಿರ, ಪುಸ್ತಕದ ಕನ್ನಡಕ್ಕೂ ಭಾರ ಅಲ್ಲ.

ಎರಡು ಕಡೆ ನನಗೆ ನಿಮ್ಮ ನೆರವು ಬೇಕು. ಫ್ರಂಟ್ ಎಂಡ್, ಬ್ಯಾಕ್ ಎಂಡ್‌ಗೆ ಕೆಲವರು ‘ಮುಂಬದಿ, ಹಿಂಬದಿ’ ಅನ್ನುತ್ತಾರೆ. ನನಗೆ ಅದು ಬಸ್ಸಿನ ಬಾಗಿಲಿನ ಹಾಗೆ ಕೇಳಿಸುತ್ತದೆ. ಪಾಠ ಮಾಡುವವರು ತರಗತಿಯಲ್ಲಿ ನಿಜಕ್ಕೂ ಏನು ಹೇಳುತ್ತೀರಿ? ಇನ್ನೊಂದು, ಬರೆದು ಮುಗಿಸಿದ್ದನ್ನು ಸರ್ವರಿಗೆ ಹಾಕಿ ಜನರ ಬಳಕೆಗೆ ಬಿಡುವುದನ್ನು ಡಿಪ್ಲಾಯ್ ಅನ್ನುತ್ತಾರಲ್ಲ, ಅದಕ್ಕೆ ಬೀದರ್, ಯಾದಗಿರಿ ಕಡೆಯ ಹುಡುಗರು ‘ಏರಿಸು’ ಅನ್ನುತ್ತಾರೋ, ‘ಬಿಡು’ ಅನ್ನುತ್ತಾರೋ, ಅಥವಾ ಸುಮ್ನೆ ‘ಲೈವ್ ಮಾಡು’ ಅನ್ನುತ್ತಾರೋ? ಗೊತ್ತಿದ್ದವರು ಬಳಕೆಯ ಒಂದು ವಾಕ್ಯದ ಜತೆ ಬರೆಯಿರಿ, ಬರೀ ಪದ ಕೊಟ್ಟರೆ ಎಲ್ಲಿ ಕೂರಿಸಬೇಕು ಅಂತ ತಿಳಿಯುವುದಿಲ್ಲ.